ಅತ್ತೆಯ ಪಾಠ, ಆರನೇ ಹಾಸಿಗೆ

ನಾಳೆ ಹತ್ತಕ್ಕೆ ದೊಡ್ಡಾಸ್ಪತ್ರೆಯಲ್ಲಿ ನನ್ನ ಇಂಟರ್‌ವ್ಯೂ, ಅದೂ ಇಂಗ್ಲಿಷಿನಲ್ಲಿ. ಮೂವತ್ತು ವರ್ಷ ಇಂಗ್ಲಿಷ್ ಟೀಚರಾಗಿದ್ದ ಅತ್ತೆ ನನ್ನನ್ನು ಅಡುಗೆಮನೆಯ ಮೇಜಿನ ಮುಂದೆ ಕೂರಿಸಿಕೊಂಡಿದ್ದರು. ನನ್ನ ತಲೆಯಲ್ಲಿದ್ದದ್ದು ಮಾತ್ರ ಆರನೇ ಹಾಸಿಗೆಯ ಅಜ್ಜಿ.

ನಮ್ಮ ವಾರ್ಡಿನ ನರ್ಸುಗಳಿಗೆ ಒಂದು ಕೆಟ್ಟ ಚಾಳಿ. ಕೆಲಸ ಬೇಗ ಮುಗಿಯಲೆಂದು ಎಲ್ಲರ ಚಾರ್ಟಿಗೂ ಮೊದಲೇ ಟಿಕ್ ಹಾಕಿ, ಆಮೇಲೆ ಔಷಧಿ ಕೊಡುತ್ತಾ ಹೋಗುತ್ತೇವೆ. ಇವತ್ತು ಮಧ್ಯಾಹ್ನ ಐದನೇ ಹಾಸಿಗೆ ಮುಗಿಸಿದ್ದೆ, ಬಚ್ಚಲಲ್ಲಿ ಯಾರೋ ಬಿದ್ದರೆಂದು ಓಡಿದೆ. ವಾಪಸ್ ಬಂದು ಏಳನೇ ಹಾಸಿಗೆಯಿಂದ ಶುರುಮಾಡಿದೆ. ಅಜ್ಜಿಯ ಇನ್ಸುಲಿನ್ ತಪ್ಪಿತ್ತು. ಹೊಳೆದದ್ದು ಮನೆಗೆ ಬರುವ ಬಸ್ಸಿನಲ್ಲಿ. ಹೇಳಿದರೆ ಸುದ್ದಿ ದೊಡ್ಡಾಸ್ಪತ್ರೆಗೂ ಮುಟ್ಟಿ, ಹೊಸ ಕೆಲಸಕ್ಕೆ ಕಲ್ಲು ಬೀಳುತ್ತದೆ. ಒಂದು ಡೋಸ್ ತಾನೇ ಎಂದುಕೊಂಡೆ.

"ಇಲ್ಲಿ ಕೇಳು," ಅಂದರು ಅತ್ತೆ. "ಮಾತಾಡೋದಕ್ಕೆ ಇಂಗ್ಲಿಷಲ್ಲಿ ನಾಲ್ಕು ಶಬ್ದ. ಸಭೇಲಿ ಎದ್ದು ನಿಂತು ಮಾತಾಡಿದ್ರೆ ಸ್ಪೀಕ್. ಒಂದು ಭಾಷೆ ಬರುತ್ತೆ ಅನ್ನೋಕೂ ಅದೇ. ಪಕ್ಕದ ಮನೆಯವಳ ಜೊತೆ ಹರಟಿದ್ರೆ ಟಾಕ್. ಬಾಯಿಂದ ಬಂದ ಮಾತು ಸೇ. ಒಬ್ಬರಿಗೆ ವಿಷಯ ತಿಳಿಸಿದ್ರೆ ಟೆಲ್, ಯಾರಿಗೆ ಅನ್ನೋದು ಬರ್ಲೇಬೇಕು. ಈಗ ಒಂದೊಂದು ವಾಕ್ಯ ಮಾಡು."

ಅತ್ತೆಯ ಪಾಠಕ್ಕೆ ಒಂದು ಕಾನೂನಿದೆ. ಉದಾಹರಣೆ ಅವತ್ತಿನದೇ ಆಗಿರಬೇಕು, ನಿಜವಾಗಿರಬೇಕು. 'ರಾಜ ಬೇಟೆಗೆ ಹೋದ' ಎಂದರೆ ಅವರಿಗೆ ಮೈಯೆಲ್ಲ ಉರಿಯುತ್ತದೆ.

ಮೊದಲ ಮೂರಕ್ಕೆ ಹೇಗೋ ತೇಪೆ ಹಚ್ಚಿದೆ. ಟೆಲ್ ಸರದಿ ಬಂತು. ಡ್ಯೂಟಿ ಬಿಡುವಾಗ ಮುಂದಿನ ಸಿಸ್ಟರಿಗೆ ಎಲ್ಲವನ್ನೂ ಹೇಳಿ ಬಂದೆ ಎಂದು ಇಂಗ್ಲಿಷಿನಲ್ಲಿ ಒದರಿದೆ.

"ನಿಜಾನಾ?"

ಪ್ರತಿ ವಾಕ್ಯಕ್ಕೂ ಅವರು ಕೇಳುವ ಪ್ರಶ್ನೆಯೇ ಅದು. ನನಗೆ ಅಳು ಬಂದುಬಿಟ್ಟಿತು. ನಡೆದದ್ದನ್ನೆಲ್ಲ ಕಕ್ಕಿದೆ.

"ಅಯ್ಯೋ ಪೆದ್ದಿ, ನನ್ನ ಮುಂದೆ ಅತ್ರೆ ಆ ಮುದುಕಿಗೇನು ಬಂತು? ಫೋನ್ ಮಾಡು."

"ನಾಳೆ ಇಂಟರ್‌ವ್ಯೂ, ಅತ್ತೆ..."

"ಹಾಳಾಗಿ ಹೋಗ್ಲಿ ಇಂಟರ್‌ವ್ಯೂ!"

ನಂಬರು ಎರಡು ಸಲ ತಪ್ಪಿತು. ಕೊನೆಗೆ ವಾರ್ಡಿನ ಸಿಸ್ಟರ್ ಎತ್ತಿಕೊಂಡಳು. ಹೇಳಿದೆ.

"ಅದಕ್ಕೇನೇ! ಶುಗರ್ ಯಾಕೆ ಏರ್ತಿದೆ ಅಂತ ಡಾಕ್ಟ್ರು ತಲೆ ಕೆಡಿಸ್ಕೊಂಡು ನಿಂತಿದ್ದಾರೆ. ಚಾರ್ಟಲ್ಲಿ ಟಿಕ್ ಇದೆಯಲ್ಲ! ಇರು," ಎಂದು ಫೋನನ್ನು ಹಾಗೇ ಬಿಟ್ಟು ಓಡಿದಳು.

ನಾನು ಫೋನನ್ನು ಕಿವಿಗೆ ಒತ್ತಿಕೊಂಡು ನಿಂತೆ. ಅತ್ತೆ ನನ್ನ ತೋಳು ಹಿಡಿದುಕೊಂಡಿದ್ದರು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ.

"ಕೊಟ್ಟಾಯ್ತು," ಎಂದಳು ಸಿಸ್ಟರ್. "ಸೂಜಿ ಚುಚ್ಚಿಲ್ಲ ಅಂತ ಅಜ್ಜಿಗೆ ಮಧ್ಯಾಹ್ನವೇ ಗೊತ್ತಿತ್ತಂತೆ ಕಣೇ."

"ಮತ್ಯಾಕೆ ಬಾಯಿ ಬಿಡ್ಲಿಲ್ಲ?"

"ಪಾಪ, ಆ ಹುಡುಗಿ ಬೈಸ್ಕೋತಾಳೆ ಅಂತ ಸುಮ್ನಿದ್ರಂತೆ."