ನಕ್ಷೆಯಲ್ಲಿಲ್ಲದ ಏರುದಾರಿ

“ಅದೇನು ನಿನ್ನ ಗಂಡನ ಹಲ್ಲಾ, ಅಷ್ಟು ಹುಷಾರಾಗಿ ಕೀಳಕ್ಕೆ? ಹಾಕೇ ಹಾರೆ, ಹಾಳಾದೋಳೆ!”

ಮೇಸ್ತ್ರಿ ಫಾನ್‌ಸುಲ್ ಕೂಗಿದ್ದು ದೊಕ್‌ಸುನಕ್ಕನಿಗೆ. ಅವಳು ತಲೆ ಎತ್ತಲಿಲ್ಲ. ನಗರಸಭೆಯ ಮುಂದಿನ ಕಾಲುದಾರಿಯ ಹಾಸುಗಲ್ಲುಗಳನ್ನು ಅಂಚು ಮುರಿಯದಂತೆ ಎಬ್ಬಿಸಿ, ಒಂದರ ಮೇಲೊಂದು ಜೋಡಿಸುತ್ತಿದ್ದಳು. ಹೋದ ಚಳಿಗಾಲದಲ್ಲಿ ನಾವೇ ಕೂರಿಸಿದ ಕಲ್ಲುಗಳು ಅವು, ಒಂದೂ ಅಲುಗಿರಲಿಲ್ಲ. ವರ್ಷದ ಕೊನೆಯ ತಿಂಗಳು ಬಂತೆಂದರೆ ನಮಗೆ ಇದೇ ಕೆಲಸ. ಬಜೆಟ್ಟಿನಲ್ಲಿ ಉಳಿದದ್ದನ್ನು ಖರ್ಚು ಮಾಡದಿದ್ದರೆ ಮುಂದಿನ ಸಲ ಕತ್ತರಿಸುತ್ತಾರೆಂದು, ಚೆನ್ನಾಗಿರುವ ದಾರಿಯನ್ನು ಕಿತ್ತು ಹೊಸದಾಗಿ ಹಾಸಬೇಕು. ಕಿತ್ತದ್ದು ತಿಪ್ಪೆಗೆ. ಕೂಲಿ ಸಿಗುತ್ತದಲ್ಲ, ನಾವೂ ಬಾಯಿ ಬಿಡುವವರಲ್ಲ.

ನಾವಿರುವುದು ಗುಡ್ಡದ ಮೇಲಿನ ಕೇರಿಯಲ್ಲಿ. ಏರುದಾರಿ ಬರೀ ಮಣ್ಣು; ಹಿಮ ಬಿದ್ದು ಹೆಪ್ಪುಗಟ್ಟಿದರೆ ಗಾಜು. ಇದ್ದಲುಬಿಲ್ಲೆ ಹೊತ್ತು ತರುವ ಚೊಂಗ್‌ಗು ಅಲ್ಲೇ ಜಾರಿ ಸೊಂಟ ಉಳುಕಿಸಿಕೊಂಡಿದ್ದ. “ದಾರಿ ಆಗೋಗಂಟ ನಾನು ಹತ್ತಾಕಿಲ್ಲ ಅಕ್ಕ, ನಂಗೂ ಹೆಂಡ್ರು ಮಕ್ಳವ್ರೆ,” ಅಂದುಬಿಟ್ಟ. ದೊಕ್‌ಸುನಕ್ಕನ ಗಂಡ ಪಾರ್ಶ್ವವಾಯು ಬಡಿದು ಮಲಗಿದ್ದಾನೆ. ಒಲೆಯಲ್ಲಿ ಇದ್ದಲು ಉರಿದರೆ ಅದರ ಶಾಖ ಹಾಸಿನ ಕೆಳಗೆ ಹರಿದು ಅವನ ಬೆನ್ನಡಿಯ ನೆಲ ಬಿಸಿಯಾಗುತ್ತದೆ. ಉರಿಯದಿದ್ದರೆ ಆ ನೆಲವೂ ಅವನೂ ಒಂದೇ.

ಮಧ್ಯಾಹ್ನ ಬಜೆಟ್ ಸಾಹೇಬ ಮ್ಯಾಂಗ್ ಊಟಕ್ಕೆ ಹೊರಗೆ ಬಂದ. ದೊಕ್‌ಸುನಕ್ಕ ಅಡ್ಡ ನಿಂತಳು.

“ಬುದ್ಧೀ, ಈ ಸಲನಾದ್ರೂ ನಮ್ಮ ಏರಿಗೆ ಏನಾರ...”

“ಬಜೆಟ್ ಮುಗೀತಲ್ಲಮ್ಮ.”

“ಮುಗುದ್ರೆ ನಾವು ಕೀಳ್ತಿರೋದೇನು ಮತ್ತೆ?”

“ಇದು ಕಾಲುದಾರಿ ಬಾಬ್ತು.”

“ನಾವೇನು ತಲೇಲಿ ನಡೀತೀವಾ?”

ನಾವು ನಕ್ಕೆವು. ಮ್ಯಾಂಗ್ ನಗಲಿಲ್ಲ. “ನಕ್ಷೇಲಿ ಅಲ್ಲಿ ದಾರೀನೇ ಇಲ್ಲ. ಇಲ್ಲದ ದಾರಿಗೆ ದುಡ್ಡು ಹೇಗೆ ಇಡೋದು?”

“ಹಂಗಾರೆ ಈ ಹಳೇ ಕಲ್ಲಾರ ಕೊಡಿ. ತಿಪ್ಪೆಗೆ ತಾನೆ ಹೋಗೋದು?”

“ತಿಪ್ಪೆಗೆ ಹೋದ್ರೂ ನಗರಸಭೆ ಸ್ವತ್ತು. ಮುಟ್ಟಿದ್ರೆ ಕಳ್ಳತನ.” ಅವಳ ಕೈಗವಸು ಕೋಟಿಗೆ ತಾಕೀತೆಂದು ಅವನು ಹಿಂದೆ ಸರಿದ. “ದೂರ ನಿಂತು ಮಾತಾಡು. ಥೂ, ಎಂಥ ನಾತ!”

ಸಂಜೆ ಕೆಲಸ ಬಿಟ್ಟ ಮೇಲೆ ಅವಳು ಹೊರೆ ಹೊರುವ ಮರದ ಚೌಕಟ್ಟನ್ನು ಬೆನ್ನಿಗೆ ಕಟ್ಟಿಕೊಂಡು ಕಲ್ಲು ಹೊತ್ತಳು. ಯಾರೂ ಯಾರನ್ನೂ ಕೇಳಲಿಲ್ಲ, ನಾವೂ ಹೊತ್ತೆವು. ಭಾನುವಾರ ಇಡೀ ಕೇರಿ ಕೂತು ಹಾಸಿತು. ಒಂದೊಂದು ಕಲ್ಲು ಕೂರಿಸುವಾಗಲೂ ಅವಳು ಅಂಗೈಯೊತ್ತಿ ಅಮಿತಾಭ ಬುದ್ಧನ ಹೆಸರು ಹೇಳುವಳು. ಮೊಳಕಾಲೂರಿ ಸರಿಯುತ್ತಿದ್ದವಳ ಹಿಂದೆ ದಾರಿಯೊಂದು ಸದ್ದಿಲ್ಲದೆ ಹುಟ್ಟುತ್ತ ಬಂತು.

ಸೋಮವಾರ ಬೆಳಿಗ್ಗೆ ಮ್ಯಾಂಗ್ ನಮ್ಮ ಏರಿಗೆ ಬಂದ, ಹಿಂದೆ ಮೇಸ್ತ್ರಿ.

“ಕೀಳ್ಸು ಇದನ್ನ.”

ಆ ಏರಿಗೆ ಯಂತ್ರ ಹತ್ತದು. ಫಾನ್‌ಸುಲ್ ಹಾರೆಯನ್ನು ನಮ್ಮ ಕಾಲ ಬುಡಕ್ಕೆ ಎಸೆದ. “ಕಿತ್ತೋರಿಗೆ ಇವತ್ತಿನ ಕೂಲಿ. ಕೀಳ್ದೋರು ನಾಳೆಯಿಂದ ಮುಖ ತೋರಿಸ್ಬೇಡಿ, ಬೋಳಿಮಕ್ಳಾ!”

ಹಾರೆ ಬಿದ್ದಲ್ಲೇ ಬಿದ್ದಿತ್ತು. ದೊಕ್‌ಸುನಕ್ಕ ಕಲ್ಲಿನ ಮೇಲೆ ಕಾಲು ಚಾಚಿ ಕೂತಳು. “ಕೀಳಪ್ಪ. ನನ್ನೂ ಸೇರಿಸಿ ಕೀಳು.”

ನಾವು ಅವಳ ಪಕ್ಕ ಕೂತೆವು. ಕಲ್ಲು ಕೊರೆಯುವಷ್ಟು ತಣ್ಣಗಿತ್ತು. ಮ್ಯಾಂಗ್ ಫೋನು ತೆಗೆದು ಪೊಲೀಸರನ್ನು ಕರೆದ.

ಅಷ್ಟರಲ್ಲಿ ತಿರುವಿನಲ್ಲಿ ಚೊಂಗ್‌ಗು ಕಾಣಿಸಿದ. ದಾರಿಯಾದ ಸುದ್ದಿ ಅವನಿಗೂ ಮುಟ್ಟಿತ್ತು. ಬೆನ್ನ ತುಂಬ ಇದ್ದಲು. ಸಾಹೇಬನನ್ನು ಕಂಡು ನಿಂತ.

“ನಿಲ್ಬ್ಯಾಡ ಕಣೋ, ಹತ್ತು,” ಎಂದಳು ದೊಕ್‌ಸುನಕ್ಕ. “ನಮ್ಮನೇಲಿ ಒಲೆ ಹಚ್ಚಿಕೊಟ್ಟೇ ಇಳಿ. ನಾನು ಬರಾದು ತಡ ಆಯ್ತದೆ.”

ಅವನು ದಾಟುವಷ್ಟು ಕಾಲು ಮಡಚಿಕೊಂಡೆವು. ದಾಟಿದ ಮೇಲೆ ಮತ್ತೆ ಚಾಚಿದೆವು. ಕೆಳಗೆ ಪೊಲೀಸ್ ವ್ಯಾನಿನ ಬಾಗಿಲು ತೆರೆದುಕೊಂಡ ಸದ್ದು.