ದೊರೆಸಾನಿಯ ಮುಂಗಾಲು

ಸುಂದ್ರಮ್ಮ ಕುಡುಗೋಲನ್ನು ಹಗ್ಗದ ಕೆಳಗೆ ತೂರಿಸಿ ಒಂದೇ ಎಳೆತಕ್ಕೆ ಕತ್ತರಿಸಿದಳು. ಕುದುರೆ ಮುಂಗಾಲನ್ನೆತ್ತಿ ಕೊಡವಿತು. ಗೋಮಾಳದ ಅಂಚಿನಲ್ಲಿ ಬೈಕು ನಿಲ್ಲಿಸಿದ್ದ ಗೌರೀಶ ಕೆಳಗಿಳಿಯದೆ ಕೂತಲ್ಲಿಂದಲೇ ಹೇಳಿದ.

"ಸುಂದ್ರಕ್ಕ, ಮತ್ತೆ ಕಟ್ಬುಡಿ."

"ಕಟ್ಟಾಕಿಲ್ಲ."

ಕಾಡಂಚಿನ ಆ ಊರಿನಲ್ಲಿ ಕುದುರೆಯನ್ನು ಗೋಮಾಳಕ್ಕೆ ಬಿಡುವಾಗ ಎರಡೂ ಮುಂಗಾಲನ್ನು ಗೇಣು ಅಂತರದಲ್ಲಿ ಜೋಡಿಸಿ ಕಟ್ಟಬೇಕು. ಅವಳ ಮಾವನ ಕಾಲದಿಂದ ನಡೆದುಬಂದ ಕಟ್ಟಳೆ ಅದು. ಕಾಲು ಕಟ್ಟಿದ ಕುದುರೆ ಕುಪ್ಪಳಿಸುತ್ತಾ ಮೇಯುತ್ತದೆ, ದೂರ ಹೋಗುವುದಿಲ್ಲ. ಗೋಮಾಳಕ್ಕೆ ಬೇಲಿಯಿಲ್ಲ, ಪಕ್ಕದಲ್ಲೇ ಗೌರೀಶನ ಹೊಗೆಸೊಪ್ಪು. ಊರಲ್ಲಿ ಕುದುರೆ ಇದ್ದದ್ದು ಸುಂದ್ರಮ್ಮನ ಮನೆಯಲ್ಲಿ ಮಾತ್ರ. ಹುಣಸೂರು, ಪಿರಿಯಾಪಟ್ಟಣದ ಮದುವೆಗಳಲ್ಲಿ ಗಂಡನ್ನು ಹೊತ್ತು ಮೆರೆಯುವ ಆ ಬಿಳಿ ಹೆಣ್ಣು ಕುದುರೆಗೆ ದೊರೆಸಾನಿ ಎಂದು ಹೆಸರಿಟ್ಟವಳೂ ಅವಳೇ. ಈಗ ಅದರ ಜೊತೆಗೊಂದು ಹಾಲು ಕುಡಿಯುವ ಮರಿ.

ಹಿಂದಿನ ವಾರ ಚಿರತೆ ಲಾಂಟಾನ ಪೊದೆಯಿಂದ ಹಾರಿ ಮರಿಯ ತೊಡೆ ಪರಚಿತ್ತು. ದೊರೆಸಾನಿ ತಿರುಗಿ ಒದೆಯಲು ಹೋಗಿ, ಕಟ್ಟಿದ ಕಾಲು ತೊಡರಿ ಮೂತಿಯಡಿಯಾಗಿ ಬಿದ್ದಿತು. ಸುಂದ್ರಮ್ಮ ಸೌದೆ ಹೊರೆ ಬಿಸಾಡಿ ಕಿರುಚುತ್ತಾ ಓಡದಿದ್ದರೆ ಮರಿ ಅಂದೇ ಹೋಗುತ್ತಿತ್ತು. ಅರಣ್ಯ ಇಲಾಖೆಯವರು ಬೋನು ತಂದಿಟ್ಟು ಒಳಗೊಂದು ನಾಯಿ ಕಟ್ಟಿದರು. ಚಿರತೆ ಅತ್ತ ಸುಳಿಯಲಿಲ್ಲ. ಕೊಟ್ಟಿಗೆಯಲ್ಲೇ ಕೂಡಿಹಾಕಿದರೆ ದೊರೆಸಾನಿ ಮೇವು ಮುಟ್ಟದೆ ಗೋಡೆ ಒದೆಯಿತು, ಹಾಲು ಬತ್ತತೊಡಗಿತು. ಮರಿಯನ್ನು ಸಾಲಿಗ್ರಾಮದ ನೆಂಟರ ಮನೆಗೆ ಸಾಗಿಸೋಣ ಎಂದು ಗಂಡ ಬೆಟ್ಟಸ್ವಾಮಿ ಊಟದ ನಡುವೆ ಹೇಳಿದಾಗ ಅವಳು ಅವನ ಮುಂದಿನ ತಟ್ಟೆಯನ್ನೇ ಎತ್ತಿಕೊಂಡು ಹೋಗಿದ್ದಳು.

"ಚಿರ್ತೆ ಇಡಿಯಾಕೆ ಕುದ್ರೆ ಬುಟ್ಟಿದ್ದೀರಾ ಅಕ್ಕ? ಒಂದು ಟೋಪಿನೂ ಆಕ್ಬುಡಿ, ಪೊಲೀಸ್ನೋರಂಗೆ ಕಾಣ್ತದೆ," ಎಂದ ಗೌರೀಶ.

"ಅವ್ಳ ಕಾಲು ಅವ್ಳಿಗೆ ಕೊಟ್ಟಿದ್ದೀನಿ ಕಣ್ಲಾ. ಮರಿನ ಅವ್ಳೇ ಕಾಯ್ಕತಾಳೆ."

"ನನ್ ಸೊಪ್ಪು ಕಾಯೋರ್ಯಾರು?"

ಸುಂದ್ರಮ್ಮನಿಗೆ ರೇಗಿತು. ರೇಗಿದಾಗ ಅವಳು ಅಳೆದು ಮಾತಾಡುವವಳಲ್ಲ.

"ನಿನ್ನ ಒಂದು ಗಿಡ ತುಳುದ್ರೆ ತಾಯಿ, ಮರಿ ಎರಡುನ್ನೂ ಮಾರ್ಬುಡ್ತೀನಿ. ಓಗು."

ಗೌರೀಶ ಬೈಕು ತಿರುಗಿಸಿದ. ಮರಿಯನ್ನು ಹಿಡಿದು ಪಕ್ಕದಲ್ಲೇ ನಿಂತಿದ್ದ ಬೆಟ್ಟಸ್ವಾಮಿ ತಲೆಯ ಮೇಲೆ ಕೈಯಿಟ್ಟುಕೊಂಡ. ಆಡಿದ ಮಾತನ್ನು ಅವಳು ಹಿಂದಕ್ಕೆ ತೆಗೆದುಕೊಂಡದ್ದನ್ನು ಅವನು ಮದುವೆಯಾದಂದಿನಿಂದ ಕಂಡಿರಲಿಲ್ಲ.

ಅಂದಿನಿಂದ ಅವಳು ದಿನವೂ ಬದುವಿನ ಮೇಲೆ ಕೂತು ಕಾದಳು. ದೊರೆಸಾನಿ ಬೀಸುಗಾಲಿನಲ್ಲಿ ಗೋಮಾಳ ಪೂರ್ತಿ ಸುತ್ತಿ ಮೇಯುತ್ತಿತ್ತು. ಹೊಗೆಸೊಪ್ಪಿನ ಅಂಚಿಗೆ ಬಂದರೆ ಅವಳು ಹೆಸರು ಹಿಡಿದು ಗದರುವಳು, ಕುದುರೆ ಕಿವಿ ನಿಮಿರಿಸಿ ಹಿಂದೆ ಸರಿಯುವುದು. ದಾರಿಯಲ್ಲಿ ಹೋಗುವವರು, ನಾಳೆ ಸೊಸೆ ಬಂದರೆ ಅವಳಿಗೂ ಹೀಗೆ ಗದರಬೇಡಿ ಎಂದು ನಗುತ್ತಿದ್ದರು.

ಒಂದು ಸಂಜೆ ಸೂರ್ಯ ಇಳಿಯುವ ಹೊತ್ತು. ಅವಳು ಬಾಯಾರಿ ಬೋರಿನ ಬಳಿ ಬಗ್ಗಿದ್ದಳು. ದೊರೆಸಾನಿಯ ಕೂಗು ಕೇಳಿತು. ಅಂಥ ಕೂಗನ್ನು ಅವಳು ಹಿಂದೆಂದೂ ಕೇಳಿರಲಿಲ್ಲ.

ತಿರುಗಿ ನೋಡಿದಾಗ ಚಿರತೆ ಪೊದೆ ಬಿಟ್ಟು ಬಯಲಿಗೆ ಬಂದಾಗಿತ್ತು. ದೊರೆಸಾನಿ ಮರಿಯನ್ನು ಕೊರಳಿನಿಂದ ದಬ್ಬುತ್ತಾ ಪೊದೆಗಳಿಂದ ದೂರಕ್ಕೆ, ನೇರ ಹೊಗೆಸೊಪ್ಪಿನ ನಡುವಿಗೆ ಓಡಿಸಿತು. ಮೊಣಕಾಲೆತ್ತರದ ಗಿಡ, ಅಲ್ಲಿ ಚಿರತೆಗೆ ಅಡಗಲು ಜಾಗವಿಲ್ಲ. ಬೆನ್ನಟ್ಟಿದ ಚಿರತೆ ಮರಿಯ ಮೇಲೆ ಹಾರುವಷ್ಟರಲ್ಲಿ ತಾಯಿ ಅಡ್ಡ ತಿರುಗಿ, ಹಿಂಗಾಲಿನ ಮೇಲೆ ಎದ್ದು, ಎರಡೂ ಮುಂಗಾಲನ್ನು ಅದರ ಬೆನ್ನಿಗೆ ಕೊಟ್ಟಿತು. ಚಿರತೆ ಉರುಳಿಬಿತ್ತು. ಮತ್ತೊಮ್ಮೆ ಎದ್ದ ಗೊರಸು ಇಳಿಯುವ ಮೊದಲೇ ಅದು ಕುಂಟುತ್ತಾ ಕಾಡಿನ ಕಡೆ ಓಡಿತು.

ಸುಂದ್ರಮ್ಮ ಏದುಸಿರು ಬಿಡುತ್ತಾ ಬದುವಿಗೆ ಬಂದಳು. ಸೊಪ್ಪು ಬೇಯಿಸುವ ಬ್ಯಾರನ್ನಿನಿಂದ ಗೌರೀಶ ದೊಣ್ಣೆ ಹಿಡಿದು ಓಡಿಬಂದ, ಹಿಂದೆಯೇ ಬೆಟ್ಟಸ್ವಾಮಿ. ಮೂರು ಸಾಲು ಗಿಡ ನೆಲಕ್ಕೆ ಮಲಗಿದ್ದವು. ದೊರೆಸಾನಿಯ ಬಿಳಿ ಕಾಲುಗಳಿಗೆ ಎಲೆಯ ಅಂಟು ಕಪ್ಪಾಗಿ ಮೆತ್ತಿತ್ತು, ಮೈಯೆಲ್ಲ ನಡುಗುತ್ತಿತ್ತು, ಕತ್ತು ಮಾತ್ರ ಮೆರವಣಿಗೆಯಲ್ಲಿ ನಿಂತಂತೆ ನೆಟ್ಟಗಿತ್ತು. ಮರಿಗೆ ಒಂದು ಗೀರೂ ಆಗಿರಲಿಲ್ಲ.

"ಕಂಡ್ಯೇನ್ಲಾ?" ಎಂದಳು ಸುಂದ್ರಮ್ಮ. ಕಣ್ಣಲ್ಲಿ ನೀರಿತ್ತು, ದನಿ ತಗ್ಗಿರಲಿಲ್ಲ. "ನನ್ ಮಾತೂ ಗೆಪ್ತಿ ಅದೆ. ಗಿಡ ತುಳುದವ್ಳೆ. ನಾಳೆ ಎರಡೂ ಓಯ್ತವೆ."

ಗೌರೀಶ ಮಲಗಿದ ಸಾಲುಗಳನ್ನು ನೋಡಿದ.

"ತುಳ್ದಿರೋದು ಚಿರ್ತೆ ಕಣಕ್ಕ."

"ಸುಳ್ಳೇಳ್ಬ್ಯಾಡ. ಗೊರ್ಸಿನ ಗುರ್ತು ಕಾಣಾಕಿಲ್ವಾ ನಿಂಗೆ?"

"ಈ ಸೀಮೆ ಚಿರ್ತೆಗೆ ಗೊರ್ಸು ಬಂದದೆ. ನಾನೇ ಕಣ್ಣಾರೆ ಕಂಡೆ." ಅವನು ದೊಣ್ಣೆಯನ್ನು ಬದುವಿಗೆ ಎಸೆದ. "ನಾಳೇನೂ ಕಾಲ್ ಕಟ್ಬ್ಯಾಡಿ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಬೆಟ್ಟಸ್ವಾಮಿ ಕುದುರೆಯನ್ನು ಹೊಲದಿಂದ ಆಚೆ ತರಲು ಹೆಜ್ಜೆಯಿಟ್ಟ. ಗೌರೀಶ ಅವನ ತೋಳು ಹಿಡಿದು ನಿಲ್ಲಿಸಿದ. ಮರಿ ತಾಯಿಯ ಹೊಟ್ಟೆಯಡಿ ತಲೆ ತೂರಿಸಿ ಕೆಚ್ಚಲಿಗೆ ಬಾಯಿ ಹಾಕಿತ್ತು. ಅದರ ಗಿಡ್ಡ ಬಾಲ ಅತ್ತಿತ್ತ ಆಡುತ್ತಿತ್ತು. ಅದು ಕುಡಿದು ಮುಗಿಸುವವರೆಗೂ ಮೂವರೂ ಬದುವಿನ ಮೇಲೆ ನಿಂತೇ ಇದ್ದರು.