ಕೈಯಾರೆ ಹಾಸಿದ ಹುಲ್ಲು

ಘೈಶಾ ಲಾರಿಯಿಂದ ಇಳಿಯುವ ಹೊತ್ತಿಗೆ ಅವಳ ಕುಲದವರು ಗುಡಾರಗಳನ್ನು ಬಿಚ್ಚಿ ಆಗಿತ್ತು. ಹೆಂಗಸರು ಚರ್ಮದ ಹೊದಿಕೆಗಳನ್ನು ಸುತ್ತಿ ಕತ್ತೆಗಳ ಮೇಲೆ ಹೇರುತ್ತಿದ್ದರು. ಹಳೆಯ ಬಾವಿಗಳ ಸುತ್ತ ಗಣಿಯವರ ತಂತಿಬೇಲಿ ಎದ್ದಿತ್ತು. ಅವಳು ರಾಜಧಾನಿ ನಿಯಾಮೆಯಿಂದ ಎದ್ದುಬಿದ್ದು ಓಡಿಬಂದದ್ದು 'ಈ ಜಾಗ ಬಿಡಬೇಡಿ' ಎನ್ನಲಿಕ್ಕೆ. ಆ ಮಾತಿನ ಹೊತ್ತು ಮೀರಿತ್ತು.

ಎಲ್ಲರೂ ಹೊರಟಿದ್ದುದು ಇನ್‌ತದೆರಾ ಕಣಿವೆಗೆ. ಹನಿ ನೀರಿಲ್ಲದ ಜಾಗ ಅದು. ಆದರೆ ಸಾವಿರಾರು ವರ್ಷಗಳ ಹಿಂದೆ ಅಲ್ಲಿ ದೊಡ್ಡ ಕೆರೆಯಿತ್ತು, ಕೊರೆದರೆ ಆ ಹಳೆಯ ನೀರು ಈಗಲೂ ಸಿಗುತ್ತದೆ ಎಂದು ಅಧಿಕಾರಿಗಳು ನಕ್ಷೆ ಹರಡಿ ಹೇಳಿದ್ದರು. ಆ ನಕ್ಷೆ ಘೈಶಾಳದೇ.

ಮರುಭೂಮಿ ಹಸಿರಾಗಿದ್ದ ಕಾಲದ ಮಳೆಯನ್ನು ಕಂಪ್ಯೂಟರಿನೊಳಗೆ ಮತ್ತೆ ಸುರಿಸಿ ನೋಡುವುದು ಅವಳ ಕೆಲಸ. ಅಂದಿನ ಬಿಸಿಲು ಹೇಗಿತ್ತೋ ಹಾಗೇ ಕೊಟ್ಟರೂ ಮಳೆ ಮರುಭೂಮಿಗೆ ಏರದೆ ದಕ್ಷಿಣದಲ್ಲೇ ನಿಂತುಬಿಡುತ್ತಿತ್ತು. ಆಗ ಆ ಕಸುಬಿನವರೆಲ್ಲ ಮಾಡುವುದನ್ನೇ ಅವಳೂ ಮಾಡಿದಳು. ಕಂಪ್ಯೂಟರಿನ ಆ ಮರಳಿನ ಮೇಲೆ ತಾನೇ ಹುಲ್ಲು ಹಾಸಿದಳು, ಮರ ನೆಟ್ಟಳು. ಹಸಿರು ಕಂಡಲ್ಲಿಗೆ ಮಳೆ ಏರಿ ಬಂತು. ಇನ್‌ತದೆರಾಕ್ಕೆ ಬಂದಾಗ ಕೈ ತುಸು ಧಾರಾಳವಾಯಿತು, ನಡುವೆ ಒಂದು ಕೆರೆಯನ್ನೂ ಇಟ್ಟಳು. ಇದನ್ನೆಲ್ಲ ವರದಿಯಲ್ಲಿ ಬರೆದಿದ್ದಳು. ನಕ್ಷೆ ಕಚೇರಿಯಿಂದ ಕಚೇರಿಗೆ ಹೋಯಿತು, ವರದಿ ಹೋಗಲಿಲ್ಲ.

ಮೊದಲು ಎದುರಾದವನು ಸೋದರಮಾವನ ಮಗ ರಿಸ್ಸಾ.

"ಬಾರೇ ಮಳೆರಾಣಿ. ಬರಿಗೈಲಿ ಬಂದ್ಯಾ, ಒಂದು ದೋಣಿನಾದ್ರೂ ತರಬಾರದಿತ್ತಾ?"

"ನಿಂಗೆ ಎಲ್ಲಾ ಹೇಳಿದ್ನಲ್ಲೋ ಫೋನಲ್ಲಿ. ಹುಲ್ಲೂ ಕೆರೇನೂ ನಾನೇ ಹಾಕಿದ್ದು ಅಂತ."

"ಹೇಳ್ದೆ. ನಾನೂ ಪಂಚಾಯ್ತೀಲಿ ಎದ್ದು ನಿಂತು ಹೇಳ್ದೆ. ಹೊಟ್ಟೆ ಹಿಡ್ಕೊಂಡು ನಕ್ರು."

ಅವಳಿಗೆ ಅರ್ಥವಾಯಿತು. ಅವಳ ಜನರಾದ ತುವಾರೆಗರಲ್ಲಿ ಮಾವನ ಮಗನಿಗೆ ಅತ್ತೆಯ ಮಗಳನ್ನು ಬಾಯಿಗೆ ಬಂದಂತೆ ಹಂಗಿಸುವ ಹಕ್ಕಿದೆ. ಕೇಳಿದವರು ನಗಬೇಕು, ಯಾರೂ ಸಿಟ್ಟಾಗಬಾರದು, ಯಾರೂ ನಂಬಲೂಬಾರದು. ಅದೇ ಮಾತನ್ನು ದಾರಿಹೋಕನೊಬ್ಬ ಆಡಿದ್ದರೂ ಹಿರಿಯರು ಕಿವಿಗೊಡುತ್ತಿದ್ದರು. ರಿಸ್ಸಾ ಆಣೆ ಇಟ್ಟು ಹೇಳಿದಷ್ಟೂ, ಈ ಸಲ ಒಳ್ಳೆ ಹಾಸ್ಯ ಕಟ್ಟಿದ್ದಾನೆ ಎಂದು ಮೆಚ್ಚಿಕೊಂಡರಂತೆ. ಕೊನೆಗೆ ಅವನ ಅಪ್ಪ, ಕುಲದ ಮುಖ್ಯಸ್ಥ ಅತ್ತಾಹೆರ್, ನಕ್ಕು ನಕ್ಕು ಬಂದ ಕಣ್ಣೀರೊರೆಸಿಕೊಂಡು, ನಮ್ಮ ಹುಡುಗಿ ಕಂಡ ಕೆರೆ ಸುಳ್ಳಾಗದು ಎಂದು ಬಾವಿಗಳನ್ನು ಬಿಟ್ಟುಕೊಡಲು ಒಪ್ಪಿದನಂತೆ.

ಅತ್ತಾಹೆರ್ ಒಂಟೆಗೆ ಜೀನು ಬಿಗಿಯುತ್ತಿದ್ದ. ಘೈಶಾ ಅವನ ಪಕ್ಕ ನಿಂತು ಎಲ್ಲವನ್ನೂ ಹೇಳಿದಳು. ಕೆರೆ ಇದ್ದಿರಬಹುದು, ಇಲ್ಲದೆಯೂ ಇರಬಹುದು, ಕೆಳಗೆ ನೀರಿದೆಯೋ ಇಲ್ಲವೋ ಆ ನಕ್ಷೆಗೆ ಗೊತ್ತೇ ಇಲ್ಲ ಎಂದಳು. ಅಲ್ಲಿನ ಗಂಡಸರು ಸುತ್ತಿಕೊಳ್ಳುವ ಮುಖದ ಬಟ್ಟೆಯ ಮೇಲೆ ಅವನ ಕಣ್ಣು ಮಾತ್ರ ಕಾಣುತ್ತಿತ್ತು. ಹಗ್ಗ ಎಳೆಯುತ್ತಿದ್ದ ಕೈ ನಿಂತಿತು.

"ಅಷ್ಟು ದೊಡ್ಡ ಮರುಭೂಮೀಲಿ ಕೆರೆ ಇಡೋಕೆ ಆ ಜಾಗವೇ ಯಾಕಮ್ಮ?"

"ನಾನು ಚಿಕ್ಕವಳಿದ್ದಾಗ ಅಮ್ಮನ ಆಡುಗಳೆಲ್ಲ ಬಾಯಾರಿ ಸತ್ತಿದ್ದು ಅಲ್ಲೇ ಅಲ್ವಾ ಮಾವ. ಅದಕ್ಕೆ."

ಅವನು ಬೇಲಿಯ ಕಡೆ ನೋಡಿದ. ಆಚೆ ಕಾವಲಿನವರು ನೆರಳಲ್ಲಿ ಕೂತು ಇವರ ಬಾವಿಯ ನೀರಿನಲ್ಲೇ ಚಹಾ ಕಾಸುತ್ತಿದ್ದರು.

"ಹೆಬ್ಬೆಟ್ಟು ಒತ್ತಿ ಆಯ್ತು," ಎಂದ. "ಬೇರೆ ಕಡೆ ಜಾಗ ಕೊಡ್ತೀವಿ ಅಂತ ಯಾರೂ ಹೇಳಿಲ್ಲ. ಹೆಂಗಸರ ಹತ್ರ ಈ ಮಾತು ಎತ್ತಬೇಡ. ಗೊತ್ತಾದ್ರೆ ಕಾಲು ಎತ್ತಿ ಇಡಲ್ಲ ಅವರು. ಇಲ್ಲಿದ್ರೂ ಬಾವಿ ಬೇಲಿ ಒಳಗೆ, ನಮಗೆ ನೀರಿಲ್ಲ."

ಹೊರಡುವ ಸದ್ದೆದ್ದಿತು. ರಿಸ್ಸಾನ ತಾಯಿ, ಅವಳ ಅತ್ತೆ, ಮುಂದಿನ ಒಂಟೆಯ ಹಗ್ಗ ಹಿಡಿದು ನಗುತ್ತ ಬಂದಳು. ಹಬ್ಬದ ನೀಲಿ ಬಟ್ಟೆ ಉಟ್ಟಿದ್ದಳು.

"ಬಂದದ್ದು ಒಳ್ಳೇದಾಯ್ತು ಮಗಳೇ. ಕೆರೆ ಎಲ್ಲಿ ಅಂತ ನಮಗೇನು ಗೊತ್ತು? ನೀನೇ ಮುಂದೆ ನಡಿ."

ಘೈಶಾ ಮಾವನ ಕಡೆ ನೋಡಿದಳು. ಅವನು ಜೀನಿನ ಪಟ್ಟಿ ಸರಿಪಡಿಸುತ್ತಲೇ ಇದ್ದ. ಅವಳು ಹಗ್ಗ ತೆಗೆದುಕೊಂಡಳು.